ಹಿಡಿಯುವ ಕೈ, ಮೊಳೆ ತೆಗೆಯುವ ಕೈ

ಅವಳನ್ನು ಎಲ್ಲರೂ ದಬ್ಬಣದಕ್ಕ ಎಂದೇ ಕರೆಯುತ್ತಿದ್ದರು. ದಪ್ಪ ಟಾರ್ಪಾಲಿಗೆ ದಬ್ಬಣ ಹಾಕಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ ಎಂಬುದು ಒಂದು ಕಾರಣ. ಮಾತೂ ಅಷ್ಟೇ ಚೂಪು ಎಂಬುದು ಇನ್ನೊಂದು. ಎರಡನೆಯದನ್ನು ಅವಳೆದುರು ಹೇಳುವ ಧೈರ್ಯ ಅವಳ ಗಂಡನಿಗೆ ಮಾತ್ರ ಇತ್ತು, ಅದೂ ಊಟ ಮುಗಿದ ಮೇಲೆ.

ಗಂಡ ಫಿಟ್ಟರ್. ಹೆದ್ದಾರಿ ಪಕ್ಕದ ಒಂದು ಶೆಡ್ಡು ಇಬ್ಬರ ಅಂಗಡಿ. ಒಳಗೆ ಅವಳ ಹೊಲಿಗೆ ಮೆಷಿನ್ನು, ಹೊರಗೆ ಅವನ ಏಣಿ, ಪಾನಾ, ಇಕ್ಕಳಗಳು. ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವ ಮನೆಗಾಡಿಗಳ ಚಪ್ಪರ ರಿಪೇರಿ ಇವರ ಕಸುಬು. ಚಪ್ಪರವೆಂದರೆ ಗಾಡಿಯ ಪಕ್ಕೆಯಲ್ಲಿ ಉದ್ದನೆಯ ಪೈಪಿಗೆ ಸುತ್ತಿಕೊಂಡಿರುವ ಬಟ್ಟೆ. ಎಳೆದರೆ ಬಾಗಿಲ ಮುಂದೆ ನೆರಳಾಗುತ್ತದೆ, ಬಿಟ್ಟರೆ ತಾನೇ ಸುತ್ತಿಕೊಳ್ಳುತ್ತದೆ. ಹಾಗೆ ಸುತ್ತಿಸುವುದು ಪೈಪಿನ ಎರಡು ತುದಿಯಲ್ಲಿ ಅಡಗಿ ಕೂತ ಸ್ಪ್ರಿಂಗುಗಳು. ಈ ಸ್ಪ್ರಿಂಗು ಎಂಬುದು ಮಹಾ ಮುಂಗೋಪಿ. ಹೊಸ ಬಟ್ಟೆ ಹಾಕಲು ಅದನ್ನೊಮ್ಮೆ ಸಡಿಲಿಸಿದರೆ ಮತ್ತೆ ಬಿಗಿ ಮಾಡಲೇಬೇಕು, ಬಿಗಿ ಮಾಡುವಾಗ ಕೈ ಜಾರಿದರೆ ಯಾರ ಮುಲಾಜೂ ಅದಕ್ಕಿಲ್ಲ.

ಅವರ ಕೆಲಸಕ್ಕೆ ಒಂದು ಕ್ರಮವಿತ್ತು. ಅವಳು ಬಟ್ಟೆಯ ಅಂಚಿಗೆ ಸೋಪು ಸವರಿ ಗಾಡಿಯ ಮೇಲಿನ ಸಂದಿನಲ್ಲಿ ಜಾರಿಸುವಳು. ಅವನು ಪೈಪಿನ ತುದಿಯ ಕಂಬಿಗೆ ಇಕ್ಕಳ ಕಚ್ಚಿಸಿ ಸ್ಪ್ರಿಂಗು ಸುತ್ತುವನು. ಸುತ್ತಿದ್ದು ಬಿಚ್ಚಿಕೊಳ್ಳದಂತೆ ಅಲ್ಲೊಂದು ತೂತಿಗೆ ಮೊಳೆ ತೂರಿಸುವರು. ಆಮೇಲೆ ಚಪ್ಪರವನ್ನು ಎತ್ತಿ ಹಿಡಿಯುವ ಕಬ್ಬಿಣದ ತೋಳನ್ನು ಬೋಲ್ಟು ಹಾಕಿ ಕೂರಿಸಿ, ಕೊನೆಗೆ ಮೊಳೆ ತೆಗೆಯಬೇಕು. ಅದೇ ಪ್ರಾಣಸಂಕಟದ ಗಳಿಗೆ. ಮೊಳೆ ಹೊರಬಂದ ಕೂಡಲೇ ಸ್ಪ್ರಿಂಗಿನ ಸಿಟ್ಟೆಲ್ಲ ಇಕ್ಕಳ ಹಿಡಿದವನ ಮಣಿಕಟ್ಟಿಗೆ ಬರುತ್ತದೆ. ಅವನು ಅದನ್ನು ನಿಧಾನವಾಗಿ ತೋಳಿಗೆ ದಾಟಿಸಬೇಕು. ಜಾರಿತೋ, ಇಕ್ಕಳ ಗಿರ್ರನೆ ತಿರುಗಿ ಮೊಳೆ ತೆಗೆದವರ ಬೆರಳಿಗೇ ಬಡಿಯುತ್ತದೆ.

ಅದಕ್ಕೇ ಮೊಳೆ ತೆಗೆಯುವ ಅವಳು “ಮೊಳೆ ಬಂತು” ಅನ್ನಬೇಕು, ಹಿಡಿದ ಅವನು “ಭಾರ ಬಂತು” ಅನ್ನಬೇಕು. ಆ ಉತ್ತರ ಬರುವ ತನಕ ಅವಳು ಬೆರಳು ಹಿಂದೆ ತೆಗೆಯುವ ಹಾಗಿಲ್ಲ, ಮೊಳೆಯನ್ನು ಮತ್ತೆ ತೂರಿಸಬೇಕಾಗಿ ಬಂದರೆ ಎಂದು. ಮದುವೆಯಾದ ಹೊಸತರಲ್ಲಿ ಅವನು ಮಾಡಿದ ಕಾನೂನು ಇದು. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಈ ಎರಡು ಮಾತು ಮಾತ್ರ ತಪ್ಪುತ್ತಿರಲಿಲ್ಲ. “ಮೊಳೆ ಬಂತು.” “ಭಾರ ಬಂತು.” ಮತ್ತೆ ಇಬ್ಬರೂ ಮುಖ ಊದಿಸಿಕೊಳ್ಳುತ್ತಿದ್ದರು.

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆ ಬಂತು, ಬಲಗೈ ಮಾತ್ರ ಪೂರ್ತಿ ತನ್ನದಾಗಲಿಲ್ಲ. ಅಂದಿನಿಂದ ಸ್ಪ್ರಿಂಗು ಹಿಡಿಯಲು ಪಕ್ಕದ ವೆಲ್ಡರ್ ಬರುತ್ತಿದ್ದ. ಫಿಟ್ಟರ್ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು, ಒರೆಸಿದ ಪಾನಾಗಳನ್ನೇ ಮತ್ತೆ ಮತ್ತೆ ಒರೆಸುತ್ತ ಕೂರುತ್ತಿದ್ದ. ಬೈದರೆ ತಿರುಗಿ ಬೈಯುತ್ತಿದ್ದವನು ಈಗ ಎಲ್ಲದಕ್ಕೂ ಹೂಂ ಅನ್ನುತ್ತಿದ್ದ. ಅದು ಅವಳಿಗೆ ಲಕ್ವಕ್ಕಿಂತ ಹೆಚ್ಚು ಭಯ ಹುಟ್ಟಿಸಿತ್ತು.

ಆ ದಿನ ಒಬ್ಬ ಬೇಕರಿಯವನ ಮನೆಗಾಡಿ ಬಂದಿತ್ತು. ಹೊಸ ಬಟ್ಟೆ ಹಾಕಿಸಿಕೊಂಡು ಮಧ್ಯಾಹ್ನವೇ ಹೆಂಡತಿ ಜೊತೆ ಪ್ರವಾಸ ಹೊರಡುವವನು. ಪೈಪಿನ ಒಂದು ತುದಿ ಮುಗಿದಿತ್ತು. ಇನ್ನೊಂದನ್ನು ಹಿಡಿಯುವ ಮೊದಲೇ ವೆಲ್ಡರ್ ಕೆನ್ನೆ ಹಿಡಿದುಕೊಂಡ.

“ಅಕ್ಕಾ, ಹಲ್ಲುನೋವು ತಡೆಯೋಕಾಗ್ತಿಲ್ಲ. ಕೀಳಿಸ್ಕೊಂಡು ಬರ್ತೀನಿ,” ಎಂದು ಹೊರಟೇಬಿಟ್ಟ.

ಕುರ್ಚಿಯಿಂದ ದನಿ ಬಂತು. “ನಾನು ಹಿಡೀತೀನಿ.”

ಅವಳು ತಿರುಗಿ ನೋಡಿದಳು. ಗಂಡ ಆಗಲೇ ಎದ್ದು ನಿಂತಿದ್ದ. ಬೇಡ ಅಂದರೆ ಇನ್ನು ಆ ಕುರ್ಚಿಯಿಂದ ಅವನು ಮನಸ್ಸು ಮಾಡಿ ಏಳುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಹೂಂ ಅಂದರೆ ತನ್ನ ಬೆರಳು. ಬೆರಳು ಮುರಿದರೆ ದಬ್ಬಣ ಹಿಡಿಯುವವರು ಯಾರು, ಮನೆಯಲ್ಲಿ ಒಲೆ ಉರಿಯುವುದು ಹೇಗೆ?

“ಬನ್ನಿ,” ಎಂದಳು ಕೊನೆಗೆ.

ಇಬ್ಬರೂ ಸೇರಿ ಸ್ಪ್ರಿಂಗು ಸುತ್ತಿದರು. ಸುತ್ತು ಸುತ್ತಿಗೂ ಮೊಳೆ ತೂರಿಸಿ, ನಿಂತು ಸುಧಾರಿಸಿಕೊಂಡರು. ತೋಳು ಕೂತಿತು, ಬೋಲ್ಟು ಬಿಗಿಯಾಯಿತು. ಅವನು ನೀರು ಕುಡಿಯಲು ಒಳಗೆ ಹೋದದ್ದೇ ತಡ, ಅವಳು ತಾನೇ ಹೊಲಿದ ಒಂದು ಪಟ್ಟಿ ತಂದು ಕಚ್ಚಿಸಿಟ್ಟ ಇಕ್ಕಳದ ಹಿಡಿಯನ್ನು ತೋಳಿಗೆ ಬಿಗಿದು ಕಟ್ಟಿದಳು. ಮೇಲೊಂದು ಹಳೇ ಬಟ್ಟೆ ಹೊದಿಸಿದಳು. ಈಗ ಅವನ ಕೈ ಜಾರಿದರೂ ಇಕ್ಕಳ ತಿರುಗುವಂತಿರಲಿಲ್ಲ.

“ಬಟ್ಟೆ ಯಾಕೆ?” ಎಂದ ಅವನು ಬಂದು.

“ಬಿಸಿಲಿಗೆ ಕಾದಿರುತ್ತೆ. ಸುಮ್ನೆ ಹಿಡೀರಿ.”

ಅವನು ಎರಡೂ ಕೈಯಿಂದ ಹಿಡಿದು, ಕಾಲು ಅಗಲಿಸಿ ನಿಂತ. ಹಣೆಯ ನರ ಉಬ್ಬಿತು. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ಹಳೇ ಫಿಟ್ಟರ್ ಕಾಣಿಸಿದ. ಅದನ್ನು ಕಂಡು ಅವಳಿಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

“ಮೊಳೆ ಬಂತು,” ಎಂದಳು.

ಉತ್ತರ ಬರಲಿಲ್ಲ.

“ರೀ, ಮೊಳೆ ಬಂತು.”

“ಭಾರ ಬರ್ಲಿಲ್ಲ,” ಎಂದ ಅವನು ಮೆಲ್ಲಗೆ.

ಬಟ್ಟೆ ಎತ್ತಿ ನೋಡಿದ. ಪಟ್ಟಿ ಕಂಡಿತು. ಆ ಗಂಟು ಯಾರದೆಂದು ಕೇಳಬೇಕಾಗಿರಲಿಲ್ಲ. ಅವಳು ಅವನ ಕೂಗಾಟಕ್ಕೆ ಸಿದ್ಧಳಾದಳು. ಕೂಗಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಇಕ್ಕಳವನ್ನು ಒಂದಿಷ್ಟು ಒತ್ತಿ ತೂತನ್ನು ಸರಿಯಾದ ಜಾಗಕ್ಕೆ ತಂದ.

“ಮೊಳೆ ವಾಪಸ್ ಹಾಕು.”

ಹಾಕಿದಳು. ದೂರದಲ್ಲಿ ಕೂತಿದ್ದ ಬೇಕರಿಯವನಿಗೆ ಏನೋ ವಾಸನೆ ಹೊಡೆಯಿತು. “ನಾಳೆ ಆದ್ರೂ ಪರವಾಗಿಲ್ಲ,” ಎಂದು ಎದ್ದ.

“ನೀವು ಕೂತ್ಕೊಳ್ಳಿ,” ಎಂದರು ಇಬ್ಬರೂ ಒಟ್ಟಿಗೆ. ಅವನು ಕೂತ.

“ಕಟ್ಟಿದ್ದು ತಪ್ಪಲ್ಲ ಕಣೇ,” ಎಂದ ಫಿಟ್ಟರ್. “ನನಗೆ ಬುದ್ಧಿ ಇದ್ದಿದ್ರೆ ಮೊದಲಿಂದಲೇ ಕಟ್ಟಬೇಕಿತ್ತು. ಬಟ್ಟೆ ಮುಚ್ಚಿದ್ಯಲ್ಲ, ಅದು.”

“ನಿಮಗೆ ಬೇಜಾರಾಗುತ್ತೆ ಅಂತ…”

“ಈಗೇನು ಆಗ್ಲಿಲ್ವಾ?” ಅವನು ಬಲಗೈ ಬೆರಳುಗಳನ್ನು ಮಡಿಚಿ ಬಿಡಿಸಿ ನೋಡಿಕೊಂಡ. “ಈ ಕೈ ಮೇಲೆ ನನಗೇ ನಂಬಿಕೆ ಇಲ್ಲ. ಆದ್ರೂ ಹಿಡೀತೀನಿ ಅಂದೆ. ನಿನ್ನ ಬೆರಳಿಗಿಂತ ನನ್ನ ಹಟಾನೇ ದೊಡ್ಡದಾಯ್ತು ನೋಡು.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನೋಡಿದವರು ಬೆವರು ಎಂದು ತಿಳಿಯಲಿ ಎಂದು.

“ಬಾ ಈ ಕಡೆ,” ಎಂದ ಅವನು. “ನೀನು ಹಿಡಿ, ನಾನು ಮೊಳೆ ತೆಗೀತೀನಿ. ಎಡಗೈ ಚೆನ್ನಾಗೇ ಇದೆ.”

“ನಾನಾ? ನಾನು ಯಾವತ್ತು ಹಿಡಿದಿದ್ದೀನಿ?”

“ಹಿಡಿದಿಲ್ಲ. ಅದಕ್ಕೇ ಪಟ್ಟಿ ಇರ್ಲಿ. ಸ್ವಲ್ಪ ಸಡಿಲ ಬಿಡು ಸಾಕು. ಜಾರಿದ್ರೆ ಪಟ್ಟಿ ಹಿಡ್ಕೊಳ್ಳುತ್ತೆ, ಜಾರದಿದ್ರೆ ಭಾರ ನಿನ್ನ ಕೈಯಲ್ಲಿರುತ್ತೆ. ಮುಖ ಆಚೆ ಇಟ್ಕೋ. ಮೊಣಕೈ ಪಕ್ಕೆಗೆ ಒತ್ತು. ಹಾಂ, ಇನ್ನೂ ಒತ್ತು.”

ವರ್ಷದಿಂದ ಅವನು ಅವಳಿಗೆ ಇಷ್ಟು ಗದರಿರಲಿಲ್ಲ. ಅವನು ಹೇಳಿದ ಹಾಗೆ ಅವಳು ಕೇಳಿದಳು, ಅದೂ ಅಪರೂಪವೇ. ಅವನ ಎಡಗೈ ಮೊಳೆಯ ಬಳಿ ಬಂತು. ಅವನಿಗೆ ಉಳಿದಿರುವ ಒಂದೇ ಒಳ್ಳೆಯ ಕೈ.

“ಮೊಳೆ ಬಂತು,” ಎಂದ.

ಸ್ಪ್ರಿಂಗು ಅವಳ ಮಣಿಕಟ್ಟನ್ನು ಹಿಡಿದು ತಿರುಚಿತು. ಭುಜ, ಬೆನ್ನು, ಹಿಮ್ಮಡಿಯವರೆಗೂ ಅದು ಇಳಿಯಿತು. ಇಕ್ಕಳ ನಡುಗಿತು, ಆದರೆ ಅವಳು ಬಿಡಲಿಲ್ಲ; ಪಟ್ಟಿಗೆ ಕೆಲಸ ಬೀಳಲಿಲ್ಲ. ಇಷ್ಟು ವರ್ಷ ಅವಳು “ಮೊಳೆ ಬಂತು” ಎಂದವಳೇ ಮುಂದಿನ ಹೊಲಿಗೆಯ ಯೋಚನೆಯಲ್ಲಿರುತ್ತಿದ್ದಳು. ಪಕ್ಕದಲ್ಲಿ ಇದನ್ನು ಹಿಡಿದುಕೊಂಡು ಒಬ್ಬ ನಿಂತಿರುತ್ತಿದ್ದ.

ಉತ್ತರಕ್ಕೆ ಕಾಯುತ್ತ ಅವನು ಬೆರಳು ಅಲ್ಲೇ ಇಟ್ಟುಕೊಂಡಿದ್ದ. ಹಿಂದೆ ತೆಗೆಯಲಿಲ್ಲ.

“ಹೇಳೇ,” ಎಂದ.

“ಭಾರ ಬಂತು,” ಎಂದಳು ಅವಳು. “ಇಷ್ಟು ಭಾರ ಅಂತ ಒಂದು ದಿನವಾದ್ರೂ ಹೇಳ್ಬಾರದಿತ್ತಾ ನೀವು?”

“ದಿನಾ ಅದನ್ನೇ ಅಲ್ವೇನೇ ಹೇಳ್ತಿದ್ದದ್ದು,” ಎಂದ ಅವನು, ಬೆರಳು ಹಿಂದೆ ತೆಗೆದುಕೊಳ್ಳುತ್ತ.