ಪಬ್ಬಿನಲ್ಲಿ ಕೇಳಿಸಿದ ಕೂಗು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುವ ಪೈಕಿ. ಕುಂದಾಪುರದ ಕಡೆಯ ನೆಂಟರು ಇಂಥ ಕತೆ ಹೇಳುವಾಗ ‘ರಾತ್ರಿ ಊಟ ಜಾಸ್ತಿಯಾಗಿರಬೇಕು’ ಎಂದು ತಮಾಷೆ ಮಾಡಿ ಬೈಸಿಕೊಂಡವನು. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನಗುವವರು ನಗಿ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಆದರೆ ಆ ಸಂಜೆ ನಾನು ಕುಡಿದದ್ದು ಒಂದು ಲೋಟ ನಿಂಬೆ ಸೋಡಾ, ಅಷ್ಟೇ.

ನಾಲ್ಕು ವರ್ಷದ ಹಿಂದಿನ ಮಾತು. ನನ್ನ ಮಗಳು ಅನಘಾಳಿಗೆ ಮೊದಲ ಕೆಲಸ ಸಿಕ್ಕಿತ್ತು. ರಾಕ್ ಸಂಗೀತದ ಹುಚ್ಚು ಅವಳಿಗೆ ನನ್ನಿಂದಲೇ ಬಂದದ್ದು. ‘ಅಪ್ಪಾ, ನಿನ್ನ ಕ್ಯಾಸೆಟ್ ಕಥೆ ಪೋದುಂ. ಶನಿವಾರ ನನ್ನ ಜೊತೆ ವಾ, ಲೈವ್ ಬ್ಯಾಂಡ್ ಕೇಳು’ ಎಂದಳು. ತಮಿಳರ ನಡುವೆಯೇ ಹುಟ್ಟಿ ಬೆಳೆದವಳು, ಸಾಕು ಎನ್ನುವುದಕ್ಕೂ ಅವಳ ಬಾಯಿಗೆ ಬರುವುದು ತಮಿಳೇ.

ಆ ಕ್ಯಾಸೆಟ್ ಕಥೆಯಲ್ಲಿ ನಾನು ಅವಳಿಗೆ ಹೇಳದೆ ಉಳಿಸಿಕೊಂಡದ್ದೊಂದಿತ್ತು. ಹೆಂಡತಿಗೂ ಹೇಳಿರಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಟಿ. ನಗರದಲ್ಲಿ ನಮ್ಮಪ್ಪನದು ಒಂದು ಸಸ್ಯಾಹಾರಿ ಹೋಟೆಲ್ ಇತ್ತು. ಅಡುಗೆಮನೆಯಿಂದ ಬಡಿಸುವ ಕಟ್ಟೆಗೆ ಹೋಗಲು ಒಬ್ಬರು ಹಿಡಿಸುವಷ್ಟೇ ಅಗಲದ ಓಣಿ. ಕುದಿಯುವ ಪಾತ್ರೆ ಎತ್ತಿಕೊಂಡು ಬರುವವರು ‘ಬಿಸಿ, ಬಿಸಿ’ ಎಂದು ಕೂಗಬೇಕು, ಎದುರಿಗಿದ್ದವರು ಹೊಟ್ಟೆ ಒಳಗೆಳೆದು ಗೋಡೆಗೆ ಅಂಟಬೇಕು. ಕೂಗದೆ ಬಂದರೆ ತಪ್ಪು ತಂದವನದು, ಕೂಗಿದ ಮೇಲೂ ಸರಿಯದಿದ್ದರೆ ತಪ್ಪು ನಿಂತವನದು. ಅಡುಗೆಯ ಅನಂತಣ್ಣ ಮೂರು ಸಲ ಕೂಗುತ್ತಿದ್ದರು, ಮೂರನೆಯದನ್ನು ಸ್ವಲ್ಪ ಎಳೆದು.

ನನಗಾಗ ಹದಿನಾಲ್ಕು. ಕಿವಿಗೆ ವಾಕ್‌ಮನ್ ಸಿಕ್ಕಿಸಿಕೊಂಡು ಆ ಓಣಿಯಲ್ಲಿ ನಿಂತಿದ್ದೆ. ಅನಂತಣ್ಣ ಸಾಂಬಾರಿನ ಕೊಪ್ಪರಿಗೆ ಹೊತ್ತು ಬಂದರು. ಕೂಗಿದ್ದು ನನಗೆ ಕೇಳಿಸಿತು, ಸ್ಪಷ್ಟವಾಗಿಯೇ ಕೇಳಿಸಿತು. ಗಿಟಾರಿನ ಒಂದು ತುಣುಕು ಮುಗಿಯಲಿ, ಸರಿದರಾಯಿತು ಎಂದುಕೊಂಡೆ. ನನ್ನ ಮೇಲೆ ಬೀಳಬಾರದೆಂದು ಅವರು ಮೈ ತಿರುಗಿಸಿದರು. ಸಾಂಬಾರು ಪೂರ್ತಿ ಅವರ ಕಾಲಿನ ಮೇಲೆ ಹೋಯಿತು.

ಗ್ರೈಂಡರ್ ಓಡುತ್ತಿದ್ದರಿಂದ ಬೇರೆ ಯಾರಿಗೂ ಕೂಗು ಕೇಳಿಸಿರಲಿಲ್ಲ. ‘ಅವನು ಕೂಗಿದ್ನಾ?’ ಎಂದು ಅಪ್ಪ ಕೇಳಿದರು. ‘ಇಲ್ಲ’ ಎಂದೆ. ಆಸ್ಪತ್ರೆಯ ಖರ್ಚೆಲ್ಲ ಅಪ್ಪನೇ ನೋಡಿಕೊಂಡರು, ಆದರೆ ಗುಣವಾದ ಮೇಲೆ ಅನಂತಣ್ಣನನ್ನು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ. ಅವರು ಊರಿಗೆ ಹೋದರು ಎಂದಷ್ಟೇ ಗೊತ್ತಿತ್ತು. ಅಪ್ಪ ತೀರಿಕೊಳ್ಳುವವರೆಗೂ ನಾನು ಬಾಯಿ ಬಿಡಲಿಲ್ಲ. ನನ್ನಂಥ ಹೇಡಿ ಇನ್ನೊಬ್ಬನಿರಲಾರ.

ಆ ಶನಿವಾರ ಅನಘಾ ನನ್ನನ್ನು ಕರೆದುಕೊಂಡು ಹೋದ ಪಬ್ಬು ಇದ್ದದ್ದು ದೊಡ್ಡ ಹೋಟೆಲೊಂದರ ಮೂರನೇ ಮಹಡಿಯಲ್ಲಿ. ನಮ್ಮ ಹಳೆಯ ಹೋಟೆಲಿಗೂ ಆ ಜಾಗಕ್ಕೂ ಏನೇನೂ ಸಂಬಂಧವಿಲ್ಲ, ಹುಡುಕಬೇಡಿ. ಅವತ್ತು ಮೂರು ಬ್ಯಾಂಡು. ಮೊದಲಿನವರು ಬರೀ ಅರಚಾಟ. ಎರಡನೆಯದರಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಹುಡುಗಿಯ ಕೈ ನೋಡಿ ನಾನು ತಲೆದೂಗಿಬಿಟ್ಟೆ. ಅನಘಾ ನನ್ನನ್ನು ವೇದಿಕೆಯ ಹತ್ತಿರದ ಕಂಬದ ಪಕ್ಕಕ್ಕೆ ಎಳೆದುಕೊಂಡು ಹೋದಳು. ಎದೆಯ ಗೂಡು ಅದುರುವಷ್ಟು ಸದ್ದು. ಅವಳು ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೂ ನನಗೆ ಅರ್ಧ ಮಾತು ಕೇಳಿಸುತ್ತಿರಲಿಲ್ಲ.

ಅಂಥ ಗದ್ದಲದಲ್ಲಿ, ಗಿಟಾರಿನವನು ಒಂದು ದೀರ್ಘ ತುಣುಕು ನುಡಿಸುತ್ತಿದ್ದಾಗ, ನನ್ನ ಬೆನ್ನ ಹಿಂದೆಯೇ ಕೇಳಿಸಿತು. ‘ಬಿಸಿ, ಬಿಸಿ, ಬಿಸೀ.’

ಯೋಚಿಸಲು ಪುರುಸೊತ್ತೇ ಇರಲಿಲ್ಲ. ಹೊಟ್ಟೆ ಒಳಗೆಳೆದು ಕಂಬಕ್ಕೆ ಅಂಟಿಕೊಂಡೆ. ಮೊಣಕಾಲಿನ ಪಕ್ಕದಲ್ಲಿ ಒಲೆಯ ಬಾಯಿ ತೆರೆದಂಥ ಕಾವು ಹಾದುಹೋಯಿತು. ಇಂಗಿನ ವಾಸನೆಯೂ ಬಂತು. ತಿರುಗಿ ನೋಡಿದರೆ ಹಿಂದೆ ಕಣ್ಣು ಮುಚ್ಚಿ ಕುಣಿಯುತ್ತಿದ್ದ ಹುಡುಗರು, ಅವರ ಕೈಯಲ್ಲಿ ಏನೂ ಇಲ್ಲ. ಅಷ್ಟರಲ್ಲಿ ಅನಘಾ ಬಗ್ಗಿ ಕಾಲು ಹಿಡಿದುಕೊಂಡಳು. ನಾನು ಸರಿದು ಬಿಟ್ಟ ಜಾಗದಲ್ಲಿ ಅವಳಿದ್ದಳು. ಮಗಳನ್ನು ಎಳೆದುಕೊಳ್ಳಬೇಕೆಂದು ನನಗೆ ತೋಚಿರಲೇ ಇಲ್ಲ.

ಹೊರಗೆ ಬಂದ ಮೇಲೆ ಅವಳು, ‘ಯಾರೋ ಕಾಲಿನ ಮೇಲೆ ಕಾಫಿ ಕೊಟ್ಟಿಟ್ಟಾಂಗ ಅಪ್ಪಾ, ಚೆಲ್ಲಿಬಿಟ್ಟರು, ಸುಡ್ತು’ ಎಂದಳು. ಮುಟ್ಟಿ ನೋಡಿದೆ. ಜೀನ್ಸ್ ಒಣಗಿಯೇ ಇತ್ತು. ಕಾಲಿನ ಮೇಲೆ ಒಂದು ಕೆಂಪು ಚುಕ್ಕೆಯೂ ಇರಲಿಲ್ಲ. ಕೂಗು ಕೇಳಿಸಿತಾ ಎಂದರೆ ಇಲ್ಲ ಎಂದಳು. ಮೂರನೇ ಬ್ಯಾಂಡಿಗೆ ನಿಲ್ಲದೆ ಮನೆಗೆ ಬಂದೆವು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಅನಂತಣ್ಣ ಸತ್ತಿರಬೇಕು ಎಂದೇ ನನ್ನ ಲೆಕ್ಕ. ನಮ್ಮಲ್ಲಿ ಬಡಿಸುತ್ತಿದ್ದ ಶೇಖರ ಈಗ ಎಣ್ಣೂರಿನಲ್ಲಿ ಚಹಾದಂಗಡಿ ಇಟ್ಟಿದ್ದಾನೆ. ಅವನಿಗೆ ಫೋನ್ ಮಾಡಿ ಅನಂತಣ್ಣ ಹೋಗಿ ಎಷ್ಟು ದಿನವಾಯಿತು ಎಂದು ಕೇಳಿದೆ.

‘ಹೋದದ್ದು ಯಾರು ಮಾರಾಯ್ರೆ? ವೇಲಚೇರಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ನಿನ್ನೆ ಸಹ ಮಾತಾಡಿದ್ದೆ’ ಎಂದ.

ವಿಳಾಸ ಬರೆದುಕೊಂಡೆ. ಸತ್ತಿದ್ದರೆ ದೆವ್ವ ಎಂದಾದರೂ ಅಂದುಕೊಳ್ಳಬಹುದಿತ್ತು.

ಮುಂದಿನ ಭಾನುವಾರವೇ ಹೋದೆ. ಸಣ್ಣ ಫ್ಲಾಟು. ಬಾಲ್ಕನಿಯ ಕುರ್ಚಿಯಲ್ಲಿ ಪಂಚೆ ಉಟ್ಟು ಕೂತಿದ್ದರು, ಬಲಗಾಲಿನ ಚರ್ಮ ಮೊಣಕಾಲಿನಿಂದ ಕೆಳಗೆ ಸುಕ್ಕುಗಟ್ಟಿತ್ತು. ‘ಸಣ್ಣ ಧಣಿ ಅಲ್ದಾ?’ ಎಂದರು. ಸ್ವರ ತೀರ ಸಣಕಲಾಗಿತ್ತು. ಪಬ್ಬಿನಲ್ಲಿ ನಾನು ಕೇಳಿದ್ದು ಮೂವತ್ತು ವರ್ಷದ ಹಿಂದಿನ ಗಂಟಲು. ಹೋದ ಶನಿವಾರ ಸಂಜೆ ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ, ಎಂದಿನಂತೆ ಟೀವಿ ನೋಡುತ್ತಿದ್ದರು ಎಂದು ಅವರ ಮಗಳು ಹೇಳಿದಳು.

ಸುತ್ತಿ ಬಳಸದೆ ಹೇಳಿಬಿಟ್ಟೆ. ‘ಅನಂತಣ್ಣ, ಅವತ್ತು ನೀವು ಕೂಗಿದ್ದಿರಿ. ನನಗೆ ಕೇಳಿತ್ತು. ಅಪ್ಪನ ಹತ್ತಿರ ಸುಳ್ಳು ಹೇಳಿದೆ.’

ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಬಲಗಾಲಿನ ಮೇಲೆ ಪಂಚೆ ಎಳೆದುಕೊಂಡರು. ಮಾತಾಡಿದ್ದು ಅವರ ಮಗಳು. ‘ಅದಕ್ಕಪ್ಪುರಂ, ಅದಾದ್ಮೇಲೆ, ಅಪ್ಪ ಯಾವ ಹೋಟೆಲಲ್ಲೂ ಬಿಸಿ ಪಾತ್ರೆ ಎತ್ತಲಿಲ್ಲ ಸಾರ್. ತರಕಾರಿ ಹೆಚ್ಚೋದು ಮಟ್ಟುಂ, ಅಷ್ಟೇ. ನಾನು ಕೂಗೋದು ಮರೆತವ, ಇನ್ಯಾರ ಮಗುವನ್ನಾದ್ರೂ ಸುಟ್ಟುಬಿಟ್ಟೇನು ಅಂತಾರೆ.’

ನನ್ನ ಸುಳ್ಳನ್ನು ಅಪ್ಪನಷ್ಟೇ ಅಲ್ಲ, ಅನಂತಣ್ಣನೂ ನಂಬಿದ್ದರು.

‘ಹಾಗಾರೆ ನಾನು ಕೂಗಿದ್ದೆ?’ ಎಂದರು.

‘ಹೌದು.’

‘ಮೂರು ಸಲ?’

‘ಮೂರು ಸಲವೂ.’

ಅವರು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. ನಾನು ಅವರ ಕಾಲು ಮುಟ್ಟಲು ಬಗ್ಗಿದರೆ ಬೇಡವೆಂದು ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

ಆ ಕೂಗು ಯಾರದು, ನನಗೆ ಇವತ್ತಿಗೂ ಗೊತ್ತಿಲ್ಲ. ತಪ್ಪು ಮಾಡಿದ ಮನಸ್ಸಿನ ಆಟ ಎಂದು ಒಬ್ಬ ಡಾಕ್ಟರ್ ಗೆಳೆಯ ಹೇಳಿದ. ಇರಬಹುದು. ಹಾಗಾದರೆ ಏನೂ ಗೊತ್ತಿಲ್ಲದ ನನ್ನ ಮಗಳ ಕಾಲಿಗೆ ತಗಲಿದ ಕಾವು ಯಾವುದು?

ಅನಂತಣ್ಣ ಈಗ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಕ್ಷೇಮ ಸಮಾಚಾರ ಏನೂ ಇಲ್ಲ. ‘ನಾನು ಕೂಗಿದ್ದೆ ಅಲ್ದಾ?’ ಎಂದು ಕೇಳುತ್ತಾರೆ. ಕೂಗಿದ್ದಿರಿ ಎನ್ನುತ್ತೇನೆ. ಫೋನ್ ಇಡುತ್ತಾರೆ. ಮುಂದಿನ ವಾರ ಮತ್ತೆ ಕೇಳುತ್ತಾರೆ.