ಗಡಿಗಲ್ಲಿನ ಪಕ್ಕ ತಲೆಸುತ್ತಿನ ವ್ಯಾಯಾಮ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನನ್ನನ್ನು ಜಾಗ ಕಬಳಿಸುವವನನ್ನಾಗಿ ಮಾಡಿಬಿಟ್ಟರು.

ನನ್ನ ತಲೆಸುತ್ತಿಗೆ ಫಿಸಿಯೋಥೆರಪಿಯವರು ಹೇಳಿದ್ದು ಇಷ್ಟೇ: ಬರಿಗಾಲಲ್ಲಿ, ಒಂದು ಕಾಲಿನ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ, ಕತ್ತನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ನೇರ ನಡೆಯಬೇಕು. ಸೈಟಿನ ಗಡಿಗಲ್ಲುಗಳ ಪಕ್ಕ ಶುರುಮಾಡಿದೆ.

ಪಕ್ಕದ ಮನೆಯ ಮುನಿಯಪ್ಪ ಹಲ್ಲುಜ್ಜುತ್ತಲೇ ಓಡಿಬಂದರು. "ಏನಣ್ಣಾ, ಕಳ್ಳನಂಗೆ ಆ ಕಡೆ ಈ ಕಡೆ ನೋಡ್ಕೊಂಡು ನಮ್ ಜಾಗ ಅಳೀತಿದ್ದೀಯಾ?"

"ತಲೆಸುತ್ತಿಗೆ ವ್ಯಾಯಾಮ ಕಣಪ್ಪಾ!"

"ಏರ್‌ಪೋರ್ಟ್ ಬಂದ್ಮೇಲೆ ದೇವನಹಳ್ಳೀಲಿ ಯಾರೂ ಸುಮ್‌ಸುಮ್ನೆ ಹಂಗೆ ನಡೆಯಲ್ಲ. ತಡಿ, ನಾನೂ ಅಳೀತೀನಿ."

ಒಳಗೆ ಹೋಗಿ ಗಂಬೂಟು ಹಾಕಿಕೊಂಡು ಬಂದು, ತಮ್ಮ ಸೈಟಿನ ಆ ತುದಿಯಿಂದ ಪಾದಕ್ಕೆ ಪಾದ ಜೋಡಿಸಿ ಅಳೆದರು. ಅವರ ಸೈಟಿನ ಮೂವತ್ತು ಅಡಿ ಗಂಬೂಟಿನ ಲೆಕ್ಕದಲ್ಲಿ ಗಡಿಗಲ್ಲು ದಾಟಿ ನಮ್ಮ ತುಳಸಿಕಟ್ಟೆಯ ಹತ್ತಿರ ಮುಗಿಯಿತು.

ಫಿಸಿಯೋಥೆರಪಿಯವರು ಕ್ಷಮಿಸಬೇಕು. ನಾಳೆಯಿಂದ ನನ್ನ ವ್ಯಾಯಾಮವೂ ಗಂಬೂಟಿನಲ್ಲೇ.