ಅತ್ತೆಯ ಗಾಳಕ್ಕೆ ಸಿಕ್ಕ ಸ್ಕ್ವಿಡ್

ಗಾಳ ಮೇಲಕ್ಕೆ ಬಂತು. ಸ್ಕ್ವಿಡ್ ಎಂಬ ಹತ್ತು ಕಾಲಿನ ಕಡಲಜೀವಿಯೊಂದು ಅದರಲ್ಲಿ ಒದ್ದಾಡುತ್ತಿತ್ತು. ಸುತ್ತ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಜಪಾನಿನ ಹಕೊದಾತೆ ಬಂದರಿನ ಮುಂಜಾನೆಯ ಪೇಟೆಯಲ್ಲಿ ನೀರಿನ ತೊಟ್ಟಿಗೆ ಗಾಳ ಹಾಕಿದವರು ನಮ್ಮತ್ತೆ. ಹುಬ್ಬಳ್ಳಿ ಗೋಕುಲ ರಸ್ತೆಯವರು, ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ತತ್ತಿಯನ್ನೂ ಮುಟ್ಟದವರು. ಜಾತ್ರೆಯಲ್ಲಿ ಬಲೂನಿಗೆ ಗುರಿ ಇಡುವಂಥ ಆಟ ಎಂದುಕೊಂಡಿದ್ದರು. ಹಿಡಿದದ್ದನ್ನು ಅಲ್ಲೇ ಕೊಯ್ದು ತಿನ್ನಲು ಕೊಡುತ್ತಾರೆಂದು ತಿಳಿದದ್ದು ಅಂಗಡಿಯಾತ ಚಾಕು ಎತ್ತಿದಾಗಲೇ.

ಅತ್ತೆ ತಟ್ಟನೆ ಅಂಗೈ ಅಡ್ಡ ಹಿಡಿದರು.

“ಚಾಕು ಕೆಳಗ ಇಡ್ರಿ. ಅದನ್ನ ನೀರಾಗ ಬಿಡ್ರಿ.”

ಆತನಿಗೆ ಕನ್ನಡ ತಿಳಿಯಲಿಲ್ಲ, ಅಂಗೈ ತಿಳಿಯಿತು. ನಡು ಬಗ್ಗಿಸಿ ವಂದಿಸಿ, ಸ್ಕ್ವಿಡ್ಡನ್ನು ಮೆಲ್ಲಗೆ ತೊಟ್ಟಿಗೆ ಬಿಟ್ಟ. ಈ ಸಲದ ಚಪ್ಪಾಳೆ ಮೊದಲಿಗಿಂತ ಜೋರಾಗಿತ್ತು.

ಪರದೇಶದ ಹಡಗುಗಳಿಗೆ ಜಪಾನು ಮೊದಮೊದಲು ಬಾಗಿಲು ತೆರೆದ ಊರುಗಳಲ್ಲಿ ಹಕೊದಾತೆಯೂ ಒಂದು. ಕೆಂಪಿಟ್ಟಿಗೆಯ ಹಳೆಯ ಗೋದಾಮುಗಳನ್ನು, ಗುಡ್ಡದ ಮೇಲಿಂದ ಎರಡೂ ಬದಿಯ ಕಡಲನ್ನು ಅತ್ತೆ, ನಾನು ಇಬ್ಬರೂ ನೋಡಿ ಬಂದೆವು. ಈಗ ಮನೆಗೆ ಬಂದವರು ಅಲ್ಲಿ ಏನೇನಿದೆ ಎಂದು ಕೇಳಿದರೆ ಅತ್ತೆ ನನ್ನತ್ತ ಕೈ ತೋರಿಸುತ್ತಾರೆ: “ನೋಡಿದ್ದೆಲ್ಲಾ ನಮ್ಮ ಸೊಸಿನ್ನ ಕೇಳ್ರಿ. ನಾ ಅಲ್ಲಿ ಒಂದು ಜೀವಾ ಉಳಿಸಿ ಬಂದೇನಿ.”